ಪಪ್ಪನ ಜೀಪಿಗೆ ಬ್ಯಾಟರಿ ಹುಡುಕಿದ ಭಾನುವಾರಗಳು

ಡೊಂಬಿವಲಿಯಲ್ಲಿ ಹೊತ್ತುಗೊತ್ತಿಲ್ಲದೆ ಕರೆಂಟು ಹೋಗುತ್ತಿದ್ದ ಕಾಲವದು. ಸಂಜೆ ದೀಪ ಆರಿದ್ದೇ ತಡ, ನಮ್ಮ ಸೊಸೈಟಿಯ ಮಕ್ಕಳೆಲ್ಲ "ಹೋ..." ಎಂದು ಕಿರುಚುತ್ತ ಕಾಂಪೌಂಡಿಗೆ ಇಳಿಯುತ್ತಿದ್ದರು. ಡಬ್ಬಾ ಐಸ್‌ಪೈಸ್ ಎಂಬ ಕಣ್ಣಾಮುಚ್ಚಾಲೆ, ಲಂಗಡಿ ಎಂಬ ಕುಂಟಾಟ, ಕತ್ತಲಲ್ಲಿ ಒಬ್ಬರ ಮೇಲೊಬ್ಬರು ಬೀಳುವುದು, ಕೊನೆಗೆ ಯಾರದೋ ಮೊಣಕಾಲು ತರಚಿ ಎಲ್ಲರ ಅಮ್ಮಂದಿರೂ ಬಾಲ್ಕನಿಯಿಂದ ಕೂಗುವುದು. ನೀವೂ ಆ ವರ್ಷಗಳಲ್ಲಿ ಠಾಣೆ, ಕಲ್ಯಾಣದ ಕಡೆ ಬೆಳೆದವರಾದರೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆ ಬಾಲ್ಕನಿಯಿಂದ ಕೂಗುವವರ ಸಾಲಿನಲ್ಲಿ ನನ್ನ ಅಮ್ಮ ಇಲ್ಲದಿದ್ದ ಒಂದು ಮಳೆಗಾಲವಿತ್ತು. ಅದರ ಹಿಂದೆಯೇ ನವರಾತ್ರಿ ಬಂತು, ದೀಪಾವಳಿಯೂ ಬಂತು. ನಡುವೆ ನಾನು ಮತ್ತು ಪಪ್ಪ ಒಂದು ಬ್ಯಾಟರಿ ಹುಡುಕಿದೆವು. ಟಾರ್ಚಿನದಲ್ಲ, ಜೀಪಿನದು.

ಉಡುಪಿ ಕಡೆಯ ಕ್ಯಾಂಟೀನಿನವರ ಮನೆಗೆ ಜೀಪು ಎಂತಕ್ಕೆ ಅಂತ ನೀವು ಕೇಳಬಹುದು. ಎಲ್ಲರೂ ಕೇಳುತ್ತಿದ್ದರು. ಪಪ್ಪ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಕ್ಯಾಂಟೀನ್ ನೋಡಿಕೊಳ್ಳುತ್ತಿದ್ದರು. ಅಮ್ಮನಿಗೆ ಉಬ್ಬಸ. ಗಾಳಿ ಆ ಕಡೆಯಿಂದ ಬೀಸಿದರೆ ನಮ್ಮ ಮನೆಯೊಳಗೆ ಕೆಲವು ದಿನ ಕೊಳೆತ ಮೊಟ್ಟೆಯ ವಾಸನೆ, ಕೆಲವು ದಿನ ಉಗುರುಬಣ್ಣದ ವಾಸನೆ. ಅಮ್ಮ ಕಿಟಕಿಗಳನ್ನೆಲ್ಲ ಹಾಕಿ, ಮೂಗಿಗೆ ಸೆರಗು ಹಿಡಿದು ಮಂಚದ ತುದಿಯಲ್ಲಿ ಕೂತಿರುತ್ತಿದ್ದಳು. ರಜೆ ಇದ್ದ ದಿನವಾದರೂ ಒಳ್ಳೆಯ ಗಾಳಿ ಇರುವಲ್ಲಿಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದರು. ಬೇರೆ ಯಾರಾದರೂ ಆಗಿದ್ದರೆ ಕರ್ಜತ್ತಿಗೆ ಲೋಕಲ್ ಟಿಕೆಟ್ ತೆಗೆಯುತ್ತಿದ್ದರು. ನಮ್ಮ ಪಪ್ಪ ಜೀಪು ತಂದರು. ಶಿಳ್ ರಸ್ತೆಯ ಕಡೆ ಕಲ್ಲಿನ ಕ್ವಾರಿಯಲ್ಲಿ ದುಡಿದು ದುಡಿದು ಸೋತ ಹಳೆಯ ಡೀಸೆಲ್ ಜೀಪು.

"ಹೊಗೆ ತಪ್ಪಿಸಲಿಕ್ಕೆ ಹೊಗೆ ಕಾರುವ ಗಾಡಿ ತಂದವರು ಲೋಕದಲ್ಲಿ ನೀವೊಬ್ಬರೇ," ಎಂದು ಅಮ್ಮ ನಕ್ಕಳು. ನಕ್ಕಿದ್ದಕ್ಕೆ ಕೆಮ್ಮು ಬಂತು. ಕೆಮ್ಮಿನ ನಡುವೆಯೂ ಮತ್ತೆ ನಕ್ಕಳು.

ಭಾನುವಾರ ಬೆಳಿಗ್ಗೆ ಮುರ್ಬಾಡ್ ರಸ್ತೆ ಹಿಡಿದು, ಎಲ್ಲೋ ಡಾಂಬರು ಬಿಟ್ಟು ಪಪ್ಪ ಮಣ್ಣಿನ ದಾರಿಗೆ ಇಳಿಸುತ್ತಿದ್ದರು. ಹಳ್ಳ ದಾಟುವುದು, ಗುಡ್ಡ ಹತ್ತುವುದು, ಒಂದು ಬದಿಗೆ ವಾಲಿಕೊಂಡೇ ಹೋಗುವುದು. ಹಿಂದಿನ ಬೆಂಚಿನಲ್ಲಿ ನಾನು, ತಲೆ ಮೇಲಿನ ಸರಳಿಗೆ ಠಣ್ ಎಂದು ಬಡಿಯುತ್ತಿತ್ತು. ಮುಂದೆ ಅಮ್ಮ ಎರಡೂ ಕೈಯಲ್ಲಿ ಕಂಬಿ ಹಿಡಿದು, ಬಾಯಿಗೆ ಬಂದ ಕೂದಲನ್ನು ಉಗುಳುತ್ತ, ಎದೆ ತುಂಬ ಉಸಿರೆಳೆಯುತ್ತಿದ್ದಳು. ಮನೆಯಲ್ಲಿ "ಊಟ ಆಯ್ತಾ" ಬಿಟ್ಟರೆ ಬೇರೆ ಮಾತೇ ಆಡದ ಪಪ್ಪ ಸ್ಟಿಯರಿಂಗ್ ಹಿಡಿದರೆ ಬಾಯಿ ಮುಚ್ಚುತ್ತಿರಲಿಲ್ಲ. ಎಲ್ಲೋ ಮರದ ಕೆಳಗೆ ನಿಲ್ಲಿಸಿ, ತಣ್ಣಗಾದ ನೀರುದೋಸೆಗೆ ಕಾಯಿಚಟ್ನಿ ಹಚ್ಚಿ ತಿನ್ನುತ್ತಿದ್ದೆವು. ಅಷ್ಟು ರುಚಿಯ ನೀರುದೋಸೆ ಆಮೇಲೆ ನನಗೆ ಸಿಕ್ಕಿಲ್ಲ.

ಆದರೆ ವಾರಕ್ಕೊಂದು ದಿನದ ಗಾಳಿಯಿಂದ ಎಷ್ಟು ಆದೀತು? ನನಗೆ ಹನ್ನೊಂದು ತುಂಬಿದ ಬೇಸಿಗೆಯಲ್ಲಿ ಮೂವರೂ ರೈಲಿನಲ್ಲಿ ಊರಿಗೆ ಹೋದೆವು, ಕಾರ್ಕಳದ ಹತ್ತಿರ ಅಮ್ಮನ ತವರಿಗೆ. ಶಾಲೆ ಶುರುವಾಗುವ ಹೊತ್ತಿಗೆ ಹಿಂದೆ ಬಂದದ್ದು ಇಬ್ಬರೇ. ಅಲ್ಲಿ ಅವಳ ಉಸಿರು ಸಲೀಸಾಗಿತ್ತು, ಅದಕ್ಕೇ ಸ್ವಲ್ಪ ದಿನ ಇರಲಿ ಎಂದಾಯಿತು.

"ಮಳೆ ನಿಲ್ಲಲಿ, ಜೀಪು ತಕೊಂಡು ಬರ್ತೇನೆ, ಒಟ್ಟಿಗೆ ಹೋಗುವ," ಎಂದರು ಪಪ್ಪ, ರೈಲು ಹೊರಡುವಾಗ.

"ಅಷ್ಟು ದೂರ ಆ ಜೀಪಿನಲ್ಲಾ?" ಎಂದು ಅಮ್ಮ ಕಣ್ಣು ಅಗಲ ಮಾಡಿದಳು.

ಆ ಮಾತನ್ನು ನಾನು ಗಂಟು ಹಾಕಿ ಇಟ್ಟುಕೊಂಡೆ. ಮಳೆ ನಿಲ್ಲಬೇಕು, ಜೀಪು ಹೊರಡಬೇಕು, ಅಮ್ಮ ಬರಬೇಕು. ನನ್ನ ಲೆಕ್ಕ ಅಷ್ಟೇ.

ಆ ಮಳೆಗಾಲದ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ನನಗೆ ಸಿಟ್ಟೇ ಬರುತ್ತದೆ. ಕುತ್ತಿಗೆಯಲ್ಲಿ ರಿಬ್ಬನ್ನಿಗೆ ಕಟ್ಟಿದ ಬೀಗದಕೈ. ಬಾಗಿಲು ತೆಗೆದರೆ ಬೆಳಿಗ್ಗೆ ನಾವು ಬಿಟ್ಟು ಹೋದ ಹಾಗೆಯೇ ಮಲಗಿರುವ ಮನೆ. ಒಣಗದ ಬಟ್ಟೆಯ ಮುಗ್ಗುಲು ವಾಸನೆ. ಸ್ಟೀಲಿನ ಡಬ್ಬಿಯಲ್ಲಿ ಕ್ಯಾಂಟೀನಿನ ಅನ್ನ, ಎಲ್ಲ ದಿನವೂ ಒಂದೇ ರುಚಿಯ ಸಾಂಬಾರು. ಎದುರು ಮನೆಯ ಕುಲಕರ್ಣಿ ಕಾಕು ಒಂದೊಂದು ದಿನ ಬಿಸಿ ಪೋಳಿ, ಅಂದರೆ ಚಪಾತಿ, ಕೊಟ್ಟು, ತಲೆ ಸವರಿ ಕೇಳುತ್ತಿದ್ದರು, "ಆಯೀ ಕಧೀ ಯೇಣಾರ್ ಗ?" ಅಮ್ಮ ಯಾವಾಗ ಬರುವುದು?

"ಜೀಪ್ ಸುರೂ ಝಾಲೀ ಕೀ," ಎನ್ನುತ್ತಿದ್ದೆ ನಾನು. ಜೀಪು ಸ್ಟಾರ್ಟ್ ಆದ ಮೇಲೆ.

ಒಂಟಿತನ ಎಂಬ ಶಬ್ದ ಆಗ ಗೊತ್ತಿರಲಿಲ್ಲ. ಹೊಟ್ಟೆಯಲ್ಲಿ ಹಸಿವಿನ ಹಾಗೆ ಏನೋ ಒಂದು, ಉಂಡರೂ ಹೋಗುತ್ತಿರಲಿಲ್ಲ. ಹಾಗಾದಾಗ ನಾನು ಕೆಳಗಿಳಿದು, ಕಾಂಪೌಂಡಿನ ಮೂಲೆಯಲ್ಲಿ ನೀಲಿ ತಾಡಪಾಲು ಹೊದ್ದು ನಿಂತ ಜೀಪಿನೊಳಗೆ ನುಸುಳುತ್ತಿದ್ದೆ. ಡೀಸೆಲ್ಲಿನ, ಒದ್ದೆ ರೆಕ್ಸಿನ್ನಿನ ವಾಸನೆ. ಮೇಲೆ ಮಳೆ ತಟತಟ. ಅಮ್ಮನ ಸೀಟಿನಲ್ಲಿ ಕೂತು ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡರೆ ಸ್ವಲ್ಪ ಹಗುರವಾಗುತ್ತಿತ್ತು. ಹುಡುಗರು ಹೊರಗಿನಿಂದ ತಾಡಪಾಲಿಗೆ ಗುದ್ದಿ "ಖಟಾರಾ, ಖಟಾರಾ", ಗುಜರಿ ಗಾಡಿ, ಎಂದು ಓಡುತ್ತಿದ್ದರು. ಓಡಲಿ, ನನಗೇನು?

ಗಣಪತಿ ಹಬ್ಬ ಮುಗಿದು ಮಳೆ ಕಡಿಮೆಯಾಯಿತು. ಒಂದು ಭಾನುವಾರ ಪಪ್ಪ ತಾಡಪಾಲು ಎಳೆದು, ಸೀಟು ಒರೆಸಿ, ಕೀಲಿ ತಿರುಗಿಸಿದರು. ಟಕ್. ಇನ್ನೊಮ್ಮೆ. ಟಕ್. ಜೀಪು ಕೆಮ್ಮಲೂ ಇಲ್ಲ. ರಸ್ತೆ ಕೂಡುವಲ್ಲಿನ ಮೆಕ್ಯಾನಿಕ್ ಬಂದು ಎರಡು ವಯರು ಮುಟ್ಟಿಸಿ ನೋಡಿ, "ಬ್ಯಾಟರಿ ಖತಮ್," ಎಂದು ಕೈ ಒರೆಸಿಕೊಂಡ. ಇಡೀ ಮಳೆಗಾಲ ಓಡಿಸದೆ ನಿಲ್ಲಿಸಿದರೆ ಯಾವ ಬ್ಯಾಟರಿ ಉಳಿಯುತ್ತದೆ?

"ತಳ್ಳಿ ಸ್ಟಾರ್ಟ್ ಮಾಡುವ ಪಪ್ಪ," ಎಂದೆ ನಾನು.

"ಇಲ್ಲಿ ತಳ್ಳಬಹುದು. ಕಶೇಡಿ ಘಾಟಿಯಲ್ಲಿ ನಿಂತರೆ ಯಾರು ತಳ್ಳುವುದು? ನೀನಾ? ಹೊಸದೇ ಹಾಕ್ಬೇಕು. ಊರು ಮುಟ್ಟಿಸುವಂಥದ್ದು."

ಹೊಸ ಬ್ಯಾಟರಿ ತರುವುದು ಎಷ್ಟು ಹೊತ್ತಿನ ಕೆಲಸ? ಅಂಗಡಿಗೆ ಹೋದರೆ ಆಯಿತು. ಪಪ್ಪ ಅದನ್ನು ದೀಪಾವಳಿಯವರೆಗೆ ಎಳೆದರು.

ಮೊದಲ ಅವಾಂತರ ವಸಂತಣ್ಣನದು. ವಸಂತಣ್ಣ ಎಂದರೆ ಕ್ಯಾಂಟೀನಿನ ಮುಖ್ಯ ಅಡುಗೆಯವರು, ಪಪ್ಪನ ಊರಿನವರೇ. ನಮ್ಮ ಹೋಟೆಲಿನ ಜನಕ್ಕೆ ಬ್ಯಾಟರಿ ಅಂದರೆ ಇನ್ವರ್ಟರಿನದು, ಬೇರೆ ಉಂಟೆಂದೇ ಗೊತ್ತಿಲ್ಲ. ಕರೆಂಟು ಹೋದಾಗ ಫ್ಯಾನು ತಿರುಗಿಸುವ, ಗಲ್ಲಾದ ಮೇಲಿನ ದೇವರ ದೀಪ ಉಳಿಸುವ ಆ ಎತ್ತರದ ಡಬ್ಬಿಯನ್ನು ಅವರು ಮನೆದೇವರ ಹಾಗೆ ನೋಡಿಕೊಳ್ಳುತ್ತಿದ್ದರು. "ಇದಕ್ಕಿಂತ ದೊಡ್ಡದು ಯಾವುದು ಮಾರಾಯ್ರೆ? ಇದನ್ನೇ ಹಾಕಿ," ಎಂದು ಹೆಚ್ಚಿಗೆ ಇದ್ದ ಒಂದನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದೇ ಬಿಟ್ಟರು. ಇಬ್ಬರೂ ಏದುಸಿರು ಬಿಡುತ್ತ ಅದನ್ನು ಎತ್ತಿ ಜೀಪಿನ ಮೂತಿಯೊಳಗೆ ತುರುಕಿದರು. ಬಾನೆಟ್ ಮುಚ್ಚಲಿಲ್ಲ. ವಸಂತಣ್ಣ ಬಾನೆಟ್ಟಿನ ಮೇಲೆ ಹತ್ತಿ ಕೂತರು. ಆಗಲೂ ಮುಚ್ಚಲಿಲ್ಲ.

ಆ ಅವಮಾನದಲ್ಲಿ ಪಪ್ಪ ನಾಲ್ಕು ಜನರನ್ನು ವಿಚಾರಿಸಿ ಬಂದು ನನಗೆ ಪಾಠ ಹೇಳಿದರು. "ಇನ್ವರ್ಟರಿನದ್ದು ಪಂಕ್ತಿಯಲ್ಲಿ ಬಡಿಸುವವನ ಹಾಗೆ ಮಗಾ. ಸ್ವಲ್ಪ ಸ್ವಲ್ಪ, ತುಂಬ ಹೊತ್ತು. ಜೀಪಿಗೆ ಬೇಕಾದದ್ದು ಅನ್ನದ ಹಂಡೆಯನ್ನು ಒಲೆಯಿಂದ ಒಂದೇ ಸಲಕ್ಕೆ ಎತ್ತುವವ. ಮತ್ತೆ ಕಲ್ಲುದಾರಿಯಲ್ಲಿ ಕುಲುಕಿದರೆ ಒಳಗಿನ ಪ್ಲೇಟು ಒಡೆಯಬಾರದು." ನನಗೆ ಅರ್ಥವಾಯಿತು. ನಾನು ಹಂಡೆ ಎತ್ತುವವರನ್ನು ನೋಡಿದ್ದೆ.

ಮುಂದಿನ ಭಾನುವಾರ ಕಲ್ಯಾಣಕ್ಕೆ ಹೋದೆವು. ಅಲ್ಲಿ ಅಳತೆ ಸರಿ ಇತ್ತು, ಆದರೆ ಪ್ಲಸ್ ಇರಬೇಕಾದಲ್ಲಿ ಮೈನಸ್. ಜೀಪಿನ ಕೇಬಲ್ ಮುಟ್ಟುವುದಿಲ್ಲ. "ಕೇಬಲ್ ಉದ್ದ ಮಾಡಿಕೊಡ್ತೇನೆ ಸೇಟ್," ಎಂದ ಅಂಗಡಿಯವನು. ಕುಲುಕಿದಾಗ ಜೋಡಿಸಿದ ಕೇಬಲ್ ಬಿಸಿಯಾಗುತ್ತದೆ, ಬೇಡ ಎಂದರು ಪಪ್ಪ. ಅದರ ಮುಂದಿನ ವಾರ ಠಾಣೆಯ ನೌಪಾಡಾ. ಗಾಜಿನ ಬಾಗಿಲಿನ, ಏಸಿ ಹಾಕಿದ ಅಂಗಡಿ. ಪಪ್ಪ ಕನ್ನಡಕ ಹಣೆಗೇರಿಸಿ, ಬ್ಯಾಟರಿಯ ಮೈಮೇಲೆ ಒತ್ತಿದ ಅಕ್ಷರಗಳನ್ನು ಓದಿ, ಇದು ತಯಾರಾಗಿ ವರ್ಷವಾಯಿತು, ಅಂಗಡಿಯಲ್ಲೇ ಕೂತು ಮುದುಕನಾಗಿದೆ ಎಂದರು. ಅಂಗಡಿಯವರು ಇನ್ನೊಂದನ್ನು ತೋರಿಸಿದರು, ನೀರು ಹಾಕುವ ಮುಚ್ಚಳವಿಲ್ಲದ್ದು. "ಒಳಗೆ ಎಂತ ಉಂಟು ಅಂತ ಗೊತ್ತಾಗದ ಸಾಮಾನನ್ನು ನಂಬುವುದು ಹೇಗೆ?" ಎಂದು ಅದೂ ಬೇಡವಾಯಿತು. ಆ ಪಪ್ಪನೇ ಹಿಂದಿನ ವಾರ, ಮುಚ್ಚಳವಿದ್ದರೆ ಗುಡ್ಡದಲ್ಲಿ ವಾಲಿದಾಗ ಆಸಿಡ್ ಚೆಲ್ಲುತ್ತದೆ ಎಂದಿದ್ದರು. ಕುಣಿಯಲಾರದವಳಿಗೆ ನೆಲ ಡೊಂಕಂತೆ!

"ಎಂತ ಮಾರಾಯ್ರೆ, ನೀವು ಬ್ಯಾಟರಿ ನೋಡುವುದಾ, ಹೆಣ್ಣು ನೋಡುವುದಾ?" ಎಂದು ವಸಂತಣ್ಣ ಕುಟುಕಿದರು. ಪಪ್ಪ ನಗಲಿಲ್ಲ.

ಆದರೆ ಇದನ್ನೂ ಹೇಳಬೇಕು. ಆ ಭಾನುವಾರಗಳು ನನಗೆ ಇಷ್ಟವಾಗಿದ್ದವು. ವಾರವಿಡೀ ಬಾಯಿಗೆ ಬೀಗ ಹಾಕಿಕೊಂಡಂತಿದ್ದ ನಾವಿಬ್ಬರೂ ಆ ಒಂದು ದಿನ ರೈಲಿನ ಕಿಟಕಿಯಲ್ಲಿ ಎದುರುಬದುರು ಕೂತು ಮಾತಾಡುತ್ತಿದ್ದೆವು. ನೌಪಾಡಾದಲ್ಲಿ ನಮ್ಮವರದ್ದೇ ಒಂದು ಹೋಟೆಲಿಗೆ ನುಗ್ಗಿ ಮಸಾಲೆದೋಸೆ ತಿಂದೆವು. ಪಪ್ಪ ಸಾಂಬಾರನ್ನು ಚಮಚದಲ್ಲಿ ಎತ್ತಿ, ಮೂಸಿ, "ಕೊತ್ತಂಬರಿ ಹುರಿದದ್ದು ಸಾಲದು," ಎಂದು ಪಕ್ಕದ ಟೇಬಲಿನವರಿಗೂ ಕೇಳುವ ಹಾಗೆ ಹೇಳಿದರು. ನಾನು ನಾಚಿಕೆಯಿಂದ ಸತ್ತೆ. ನಿಲ್ದಾಣದ ದಾರಿಯಲ್ಲಿ ನನಗೆ ಕೂದಲಿನ ಕ್ಲಿಪ್ಪು ಕೊಡಿಸಿದರು, ಅಮ್ಮನಿಗೂ ಒಂದು. ಅದನ್ನು ಜೇಬಿಗೆ ಹಾಕಿಕೊಳ್ಳುವಾಗ ಅವರ ಮುಖ ಯಾಕೋ ಸಣ್ಣದಾಯಿತು. ನಾನು ಹೆಚ್ಚು ಯೋಚಿಸಲಿಲ್ಲ.

ಇಷ್ಟರಲ್ಲಿ ದಸರಾ ಬಂತು. ಆಯುಧಪೂಜೆಗೆ ಸೊಸೈಟಿಯ ಸ್ಕೂಟರು, ಕಾರುಗಳೆಲ್ಲ ಚೆಂಡುಹೂವಿನ ಹಾರ ಹಾಕಿಕೊಂಡು ಹಲ್ಲು ಕಿಸಿದು ನಿಂತವು. ನಮ್ಮ ಕಡೆ ಪೂಜೆಯಾದ ಮೇಲೆ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಗಾಡಿಯನ್ನು ಮುಂದೆ ಓಡಿಸಬೇಕು. ಓಡದ ಗಾಡಿಗೆ ಎಂತ ಮಾಡುವುದು? ವಸಂತಣ್ಣ ಹಿಂದಿನಿಂದ ತಳ್ಳಿದರು, ಕ್ಯಾಂಟೀನಿನ ನಾಲ್ಕು ಜನ ತಳ್ಳಿದರು, ಖಟಾರಾ ಎನ್ನುತ್ತಿದ್ದ ಹುಡುಗರೂ ತಳ್ಳಿದರು. ಚಕ್ರ ಉರುಳಿ ನಿಂಬೆಹಣ್ಣು ಪಿಚ್ಚೆಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಅಳು ಬಂತು. ಗಾಡಿಯನ್ನು ಹೆಣದ ಹಾಗೆ ತಳ್ಳಿ ಪೂಜೆ ಮಾಡಿದ್ದೇವೆ, ಇನ್ನು ಅಮ್ಮ ಬಂದ ಹಾಗೆಯೇ ಎಂದು ಕುಲಕರ್ಣಿ ಕಾಕುವಿನ ಮಡಿಲಲ್ಲಿ ಮುಖ ಹುದುಗಿಸಿ ಜೋರಾಗಿ ಅತ್ತೆ. ಪಪ್ಪ ಅದನ್ನು ಕೇಳಿಸಿಕೊಂಡರು.

ಆ ವಾರವೇ ನಾನು ನಿಶ್ಚಯ ಮಾಡಿದೆ, ಇನ್ನು ಈ ಮನುಷ್ಯನನ್ನು ನಂಬಿದರೆ ಆಗುವುದಿಲ್ಲ, ಬ್ಯಾಟರಿ ನಾನೇ ಆರಿಸಬೇಕು ಎಂದು. ಪಪ್ಪ ಬೇಡ ಎಂದದ್ದಕ್ಕೆಲ್ಲ ಕೊಟ್ಟ ಕಾರಣಗಳು ನನಗೆ ಬಾಯಿಪಾಠವಾಗಿದ್ದವು.

ಮುಂದಿನ ಭಾನುವಾರ ತುರ್ಭೆಗೆ ಹೋದೆವು, ಅಲ್ಲಿ ಲಾರಿಗಳ ಸಾಮಾನಿನ ಅಂಗಡಿಗಳ ಸಾಲು. ರಸ್ತೆ ತುಂಬ ಗ್ರೀಸು, ಮೂಟೆ ಹೊರುವವರ ಕೂಗಾಟ, ಮಾರ್ಕೆಟ್ಟಿನ ಕಡೆಯಿಂದ ಕೊಳೆತ ಈರುಳ್ಳಿಯ ವಾಸನೆ. ಅದರ ನಡುವೆ ಒಂದು ಸಣ್ಣ ಬ್ಯಾಟರಿ ಅಂಗಡಿ, ಅದನ್ನು ನಡೆಸುತ್ತಿದ್ದವಳು ಒಬ್ಬಳು ಮರಾಠಿ ಹೆಂಗಸು. ಹಣೆಗೆ ದೊಡ್ಡ ಕುಂಕುಮ, ಒಂಬತ್ತು ಗಜದ ನವ್ವಾರಿ ಸೀರೆ, ಎಲ್ಲರೂ ಮಾವ್ಶಿ ಎನ್ನುತ್ತಿದ್ದರು. ಜೀಪು ಎಂದ ಕೂಡಲೇ ಅವಳು ಒಂದು ಕೆಂಪು ಬ್ಯಾಟರಿಯನ್ನು ಮುಂದಕ್ಕೆ ಜರುಗಿಸಿದಳು.

ನಾನು ಪಪ್ಪನಿಗಿಂತ ಮೊದಲೇ ಕೂತುಕೊಂಡೆ. ಜೀಪಿನಲ್ಲಿ ಬ್ಯಾಟರಿ ಕೂರುವ ಜಾಗಕ್ಕೆ ಹಿಡಿದು ಗಂಟು ಹಾಕಿದ್ದ ಅಳತೆಯ ದಾರವನ್ನು ಪಪ್ಪನ ಜೇಬಿನಿಂದ ಎಳೆದು ಉದ್ದ, ಅಗಲ, ಎತ್ತರ ಹಿಡಿದೆ.

"ಬಾನೆಟ್ ಮುಚ್ಚುತ್ತದೆ," ಎಂದೆ. "ಪ್ಲಸ್ ಸರಿಯಾದ ಬದಿಗೆ ಉಂಟು. ಕೆಳಗೆ ಅಂಚು ಉಂಟು, ಕ್ಲಾಂಪು ಹಿಡೀತದೆ. ಮಾವ್ಶಿ, ತಾರೀಖು?"

"ಹ್ಯಾಚ್ ಮಹಿನಾ," ಎಂದಳು ಮಾವ್ಶಿ. ಇದೇ ತಿಂಗಳದ್ದು. ಒಳಗಿನ ಪ್ಲೇಟು ದಪ್ಪ, ಕ್ವಾರಿಯ ಗಾಡಿಯವರೆಲ್ಲ ಇದನ್ನೇ ಒಯ್ಯುತ್ತಾರೆ ಎಂದೂ ಹೇಳಿದಳು. ಮುಚ್ಚಳ ಇತ್ತು, ವಾಲಿದರೂ ಚೆಲ್ಲದ ಬಿಗಿ ಮುಚ್ಚಳ. ನಾನು ತಿರುಗಿಸಿ ತೋರಿಸಿದೆ.

ಪಪ್ಪ ಬಗ್ಗಿ ನೋಡಿದರು. ಸುತ್ತು ಬಂದು ನೋಡಿದರು. ನಾನು ಉಸಿರು ಹಿಡಿದು ನಿಂತಿದ್ದೆ. ಪಪ್ಪನಲ್ಲಿ ಇನ್ನು ಒಂದು ಕಾರಣವೂ ಉಳಿದಿರಲಿಲ್ಲ, ನನಗೆ ಅದು ಖಂಡಿತ ಗೊತ್ತಿತ್ತು.

"ಕೆಂಪು ಬೇಡ," ಎಂದರು ಪಪ್ಪ.

"ಎಂತ?"

"ಬಣ್ಣ ಸರಿ ಇಲ್ಲ. ಬಾ, ಹೋಗುವ."

ಮಾವ್ಶಿ ಗೊಳ್ಳೆಂದು ನಕ್ಕಳು. ಬಾನೆಟ್ಟಿನ ಒಳಗೆ ಕೂರುವ ಬ್ಯಾಟರಿಯ ಬಣ್ಣ ಯಾರಪ್ಪ ನೋಡುತ್ತಾರೆ! ಪಪ್ಪ ಆಗಲೇ ರಸ್ತೆ ದಾಟುತ್ತಿದ್ದರು. ನಾನು ಹಿಂದೆ ಓಡಿದೆ.

ತುರ್ಭೆ ಸ್ಟೇಷನ್ನಿನ ಪ್ಲಾಟ್‌ಫಾರ್ಮು ಬಿಕೋ ಎನ್ನುತ್ತಿತ್ತು. ಬೆಂಚಿನ ಒಂದು ತುದಿಯಲ್ಲಿ ಪಪ್ಪ, ಇನ್ನೊಂದು ತುದಿಯಲ್ಲಿ ನಾನು. ಠಾಣೆಯ ರೈಲು ಬಂತು, ಪಪ್ಪ ಏಳಲಿಲ್ಲ. ರೈಲು ಹೋಯಿತು.

"ನಿಮಗೆ ಅಮ್ಮನನ್ನು ಕರ್ಕೊಂಡು ಬರುವ ಮನಸ್ಸೇ ಇಲ್ಲ," ಎಂದೆ ನಾನು. "ಅಮ್ಮ ಅಲ್ಲೇ ಇರಲಿ ಅಂತ ನಿಮಗೆ. ನಾನು ಸತ್ತರೂ ನಿಮಗೆ ಅಡ್ಡಿಯಿಲ್ಲ."

"ಬಾಯಿಗೆ ಬಂದ ಹಾಗೆ ಮಾತಾಡಬೇಡ ರಕ್ಷಾ."

"ಮತ್ತೆ ಕೆಂಪು ಯಾಕೆ ಬೇಡ? ಹೇಳಿ!"

ಪಪ್ಪ ಎರಡು ಅಂಗೈಯಿಂದ ಮುಖ ಉಜ್ಜಿಕೊಂಡರು. ಅವರ ಕೈಗೆ ಯಾವಾಗಲೂ ಬರುತ್ತಿದ್ದ ಇಂಗಿನ ವಾಸನೆ ನನ್ನವರೆಗೆ ಬಂತು.

"ಅಮ್ಮ ಇಲ್ಲಿಗೆ ಬರುವುದಿಲ್ಲ ಮಗಾ. ಊರಿನ ಡಾಕ್ಟರು ಆಟಿ ತಿಂಗಳ ಮಳೆಯಲ್ಲೇ ಹೇಳಿದ್ದಾರೆ, ಈ ಗಾಳಿಗೆ ಇನ್ನು ಅವಳು ಬರಲೇಬಾರದು ಅಂತ. ಹೋಗುವವಳು ನೀನು. ದೀಪಾವಳಿ ರಜೆಯಲ್ಲಿ ನಿನ್ನನ್ನು, ನಿನ್ನ ಸೈಕಲು, ಪುಸ್ತಕ ಎಲ್ಲ ಬಿಟ್ಟು ಬರಬೇಕು ಅಂತ ಅವಳಿಗೆ ಮಾತು ಕೊಟ್ಟಿದ್ದೇನೆ. ಅಲ್ಲಿಯ ಶಾಲೆಯಲ್ಲೂ ಕೇಳಿ ಇಟ್ಟಿದ್ದಾಳೆ."

"ಮತ್ತೆ ನೀವು?"

"ನನಗೆ ಕ್ಯಾಂಟೀನ್ ಉಂಟಲ್ಲ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ಹೇಳುವ ಅಂತಲೇ ಇದ್ದೆ. ಬ್ಯಾಟರಿ ಸಿಕ್ಕಿದ ಮೇಲೆ ಹೇಳುವ ಅಂತ..." ಎಂದವರು ನಿಲ್ಲಿಸಿದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಇನ್ನೊಂದು ವಾರ, ಇನ್ನೊಂದು ವಾರ ಅಂತ ಆಯ್ತು ಮಗಾ. ನೀನೂ ಹೋದರೆ ಮನೆಯಲ್ಲಿ ಯಾರುಂಟು ನನಗೆ?"

ಪಪ್ಪ ಹೀಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವರನ್ನು ನೋಡಲು ಹೆದರಿಕೆಯಾಗಿ ಹಳಿಗಳನ್ನು ನೋಡುತ್ತ ಕೂತೆ. ಕನಿಕರ ಬಂತು. ಸುಳ್ಳು ಹೇಳುವುದಿಲ್ಲ, ಅದಕ್ಕಿಂತ ಜೋರಾಗಿ ಬೇರೊಂದು ಬಂತು. ಅಮ್ಮನ ಹತ್ತಿರ ಮಲಗಬಹುದು, ಬೀಗದಕೈ ಕುತ್ತಿಗೆಗೆ ಕಟ್ಟಿಕೊಳ್ಳಬೇಕಾಗಿಲ್ಲ ಎನ್ನುವುದು. ಹನ್ನೊಂದು ವರ್ಷದ ಹುಡುಗಿ ನಾನು. ಅಮ್ಮ ಬೇಕಾಗಿತ್ತು ನನಗೆ. ಅದು ತಪ್ಪು ಎಂದು ಇವತ್ತಿಗೂ ನನಗೆ ಅನ್ನಿಸಿಲ್ಲ.

"ಆ ಕೆಂಪು ಬ್ಯಾಟರಿ ತಕ್ಕೊಳ್ಳುವ ಪಪ್ಪ," ಎಂದೆ.

ಪಪ್ಪ "ಹ್ಞೂಂ" ಎಂದು ಎದ್ದರು. ಇಬ್ಬರೂ ಮೆಟ್ಟಿಲಿಳಿದು ಅದೇ ದಾರಿಯಲ್ಲಿ ಹಿಂದೆ ಹೋದೆವು. ನಮ್ಮನ್ನು ನೋಡಿ ಮಾವ್ಶಿ ಏನೋ ತಮಾಷೆ ಮಾಡಲು ಬಾಯಿ ತೆರೆದವಳು, ಪಪ್ಪನ ಮುಖ ನೋಡಿ ಒರೆಸುವ ಬಟ್ಟೆ ಎತ್ತಿಕೊಂಡಳು. ಬ್ಯಾಟರಿಯನ್ನು ಅವಳೇ ಒರೆಸಿ, ಕೇಬಲ್ ಸಿಕ್ಕಿಸುವ ಎರಡು ಕೊಂಬಿಗೂ ಗ್ರೀಸು ಹಚ್ಚಿ, ಕುಂಕುಮ ಇಟ್ಟು ಕೊಟ್ಟಳು. ಮಹಾಪೆಯ ಮೇಲೆ, ಶಿಳ್‌ಫಾಟಾ ದಾಟಿ ಆಟೋದಲ್ಲಿ ಮನೆಗೆ ಬಂದೆವು. ಬ್ಯಾಟರಿ ಪಪ್ಪನ ಕಾಲುಗಳ ನಡುವೆ ಇತ್ತು. ಹೊಂಡ ಬಂದಾಗಲೆಲ್ಲ ಅವರು ಅದನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿಯುತ್ತಿದ್ದರು.

ಮಾರನೇ ದಿನ ಬೆಳಿಗ್ಗೆ ಅದನ್ನು ಕೂರಿಸಿ ಕೀಲಿ ತಿರುಗಿಸಿದರೆ ಜೀಪು ಒಂದು ಬುಟ್ಟಿ ಕಪ್ಪು ಹೊಗೆ ಬಿಟ್ಟು ಗುಡುಗಿತು. ಮಕ್ಕಳೆಲ್ಲ ಓಡಿ ಬಂದರು. ಕುಲಕರ್ಣಿ ಕಾಕು ಬಾಲ್ಕನಿಯಿಂದಲೇ ಕೈಮುಗಿದರು. ನಾನು ಕುಣಿದೆ. ಪಪ್ಪ ಬಾನೆಟ್ ಮುಚ್ಚಿ, ಅಲ್ಲೇ ಕೈ ಇಟ್ಟುಕೊಂಡು ನಿಂತರು.

ರಜೆ ಶುರುವಾದ ದಿನವೇ ಹೊರಟೆವು. ಹಿಂದಿನ ಬೆಂಚಿನಲ್ಲಿ ನನ್ನ ಸೈಕಲು, ಹಾಸಿಗೆಯ ಸುರುಳಿ, ಪುಸ್ತಕದ ಚೀಲ. ಮುಂದಿನ ಸೀಟು ನನ್ನದು. ಗೋವಾ ರಸ್ತೆಯ ಉದ್ದಕ್ಕೂ ಪಪ್ಪ ಮಾತಾಡಿದರು. ಅವರು ಮುಂಬಯಿಗೆ ಬಂದ ಹೊಸದರಲ್ಲಿ ಹೋಟೆಲಿನ ಟೇಬಲಿನ ಮೇಲೆ ಮಲಗುತ್ತಿದ್ದದ್ದು, ಮದುವೆಗೆ ಮೊದಲು ಅಮ್ಮನ ಜೊತೆ ಮಾತಾಡಲು ಧೈರ್ಯವಿಲ್ಲದೆ ಅವಳ ಅಣ್ಣನ ಜೊತೆಗೇ ಮಾತಾಡಿ ಬಂದದ್ದು, ನಾನು ಹುಟ್ಟಿದ ದಿನ ಕ್ಯಾಂಟೀನಿನಲ್ಲಿ ಎಲ್ಲರಿಗೂ ಶಿರಾ ಹಂಚಿದ್ದು. ಘಾಟಿಯ ತಿರುವುಗಳಲ್ಲಿ ಗಾಳಿ ಮಾತನ್ನು ಎತ್ತಿಕೊಂಡು ಹೋಗುತ್ತಿತ್ತು. "ಎಂತ? ಎಂತ ಹೇಳಿದ್ದು?" ಎಂದು ನಾನು ಕಿರುಚುತ್ತಿದ್ದೆ. ಅವರು ಮತ್ತೆ ಮೊದಲಿನಿಂದ ಹೇಳುತ್ತಿದ್ದರು. ಎರಡು ದಿನದ ದಾರಿಯಲ್ಲಿ ಜೀಪು ಎಲ್ಲಿಯೂ ಕೈಕೊಡಲಿಲ್ಲ.

ಅಮ್ಮ ಅಂಗಳಕ್ಕೆ ಓಡಿ ಬಂದಳು. ಓಡಿಯೇ ಬಂದಳು! ಅವಳು ಓಡಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನನ್ನನ್ನು ಅವುಚಿ ಹಿಡಿದಾಗ ಅವಳ ಎದೆಯೊಳಗೆ ಸುಂಯ್ ಎನ್ನುವ ಶಬ್ದ ಇರಲಿಲ್ಲ. ನೌಪಾಡಾದ ಕ್ಲಿಪ್ಪನ್ನು ಪಪ್ಪನೇ ಅವಳ ಕೈಗೆ ಕೊಟ್ಟರು. ಅವಳು ಪಪ್ಪನ ಮುಖ ನೋಡಿ, "ಸೋತಿದ್ದೀರಿ," ಎಂದಳು. ಅಷ್ಟೇ.

ದೀಪಾವಳಿ ಕಳೆದ ಮೇಲೆ ಪಪ್ಪ ಹೊರಟರು. ಬೆಳಿಗ್ಗೆ ತುಂಬ ಇಬ್ಬನಿ. ಚಳಿಗೆ ಡೀಸೆಲ್ ಗಾಡಿ ಸುಲಭಕ್ಕೆ ಏಳುವುದಿಲ್ಲ ಎಂದು ಅವರೇ ನನಗೆ ಹೇಳಿಕೊಟ್ಟಿದ್ದರು. ಬಾವಿಕಟ್ಟೆಯ ಹತ್ತಿರ ನಿಂತು ನಾನು ಊರಿನ ದೇವರು, ಭೂತ ಎಲ್ಲವನ್ನೂ ಬೇಡಿಕೊಂಡೆ, ಇದೊಂದು ದಿನ ಅದು ಏಳದಿರಲಿ, ಒಂದು ದಿನ ಸಾಕು ಎಂದು. ಪಪ್ಪ ಕೀಲಿ ತಿರುಗಿಸಿದರು. ಒಂದೇ ಸಲಕ್ಕೆ ಎದ್ದಿತು. ಅಷ್ಟು ಒಳ್ಳೆಯ ಬ್ಯಾಟರಿ ಆರಿಸಿದ್ದೆ ನಾನು.

ಜೀಪು ತಿರುವಿನಲ್ಲಿ ಮರೆಯಾದ ಮೇಲೆ ನಾನು ಬಿದ್ದು ಹೊರಳಾಡಿ ಅತ್ತೆನಂತೆ. ಅಮ್ಮ ಹೇಳಿದ್ದು, ನನಗೆ ನೆನಪಿಲ್ಲ.

ಊರಿನಲ್ಲಿ ನಾನು ಚೆನ್ನಾಗಿಯೇ ಬೆಳೆದೆ. ಕಾಕುವಿನ ಮರಾಠಿಯನ್ನೂ ಕಾಂಪೌಂಡಿನ ಹುಡುಗರ ಹಿಂದಿಯನ್ನೂ ಬಾಯಲ್ಲಿಟ್ಟುಕೊಂಡು ಬಂದವಳು ಈ ಕನ್ನಡ ಬರೆಯಲು ಕಲಿತದ್ದು ಅಲ್ಲಿಯೇ. ಅಮ್ಮ ಸಿಕ್ಕಿದಳು, ಇಡೀ ಅಮ್ಮ ಸಿಕ್ಕಿದಳು. ಪಪ್ಪ ಮಾತ್ರ ಬೇಸಿಗೆಗೊಮ್ಮೆ ರೈಲಿನಲ್ಲಿ ಬಂದು ಹೋಗುವ ನೆಂಟರಾದರು. ಜೀಪನ್ನು ಯಾವಾಗಲೋ ಮಾರಿದರು. ಓಡಿಸಲಿಕ್ಕೆ ಪುರುಸೊತ್ತಿಲ್ಲ ಎಂದರು, ಕೂರಿಸಿಕೊಂಡು ಹೋಗಲಿಕ್ಕೆ ಯಾರೂ ಇಲ್ಲದ್ದಕ್ಕಾ ಎಂದು ನಾವೂ ಕೇಳಲಿಲ್ಲ. ಕ್ಯಾಂಟೀನ್ ಬಿಟ್ಟು ಅವರು ಊರಿಗೆ ಬಂದು ನೆಲೆಸುವ ಹೊತ್ತಿಗೆ ನಾನು ಕೆಲಸ ಹಿಡಿದು ನವಿ ಮುಂಬಯಿಗೆ ಬಂದಾಗಿತ್ತು. ನಾವು ಎಂದೂ ಜಗಳವಾಡಿಲ್ಲ. ಜಗಳವಾಡುವಷ್ಟು ಕಾಲ ಒಟ್ಟಿಗೆ ಇದ್ದರೆ ತಾನೇ?

ಮೊನ್ನೆ ನನ್ನ ಕಾರು ಬೆಳಿಗ್ಗೆ ಏಳಲಿಲ್ಲ. ಫೋನು ಮಾಡಿದೆ, ಚಹಾ ಕುಡಿದು ಮುಗಿಸುವ ಮೊದಲೇ ಒಬ್ಬ ಬೈಕಿನಲ್ಲಿ ಹೊಸ ಬ್ಯಾಟರಿ ತಂದು ನಿಂತ. ಎರಡು ಕಂಪೆನಿಯವು ಇವೆ, ಯಾವುದು ಹಾಕಲಿ ಮೇಡಂ ಎಂದ. ಒಂದು ನಿಮಿಷ ನಿಲ್ಲು ಎಂದು ಅವನನ್ನು ನಿಲ್ಲಿಸಿ ನಾನು ಊರಿಗೆ ಫೋನು ಹಚ್ಚಿದೆ. ಪಪ್ಪನೇ 'ಹಲೋ' ಎಂದರು. ಇಂಥಿಂಥದು ಉಂಟು, ಯಾವುದು ಒಳ್ಳೆಯದು ಪಪ್ಪ, ಎಂದು ಕೇಳಿದೆ.

"ಅವ ತಂದದ್ದು ಯಾವುದಾದರೂ ಹಾಕಿಸು ಮಗಾ. ಎಲ್ಲ ಒಂದೇ," ಎಂದರು ಪಪ್ಪ.

"ಹಾಗಲ್ಲ ಪಪ್ಪ. ಸ್ವಲ್ಪ ಯೋಚನೆ ಮಾಡಿ ಹೇಳಿ. ನನಗೆ ಏನೂ ಅರ್ಜೆಂಟಿಲ್ಲ. ಬೇಕಾದರೆ ಇವನು ನಾಳೆ ಬರಲಿ," ಎಂದೆ.

ಅಷ್ಟರಲ್ಲಿ ಅವರು ಫೋನನ್ನು ಅಮ್ಮನ ಕೈಗೆ ಕೊಟ್ಟಾಗಿತ್ತು.